ತಾಯಿಬೆಕ್ಕು ಮರಿಗಳ ನೆಲೆ ಬದಲಿಸುವುದೇಕೆ?

ರಾಗಿ ಬೆಳೆಯುವ ಊರಿನಲ್ಲಿ ಇಲಿಗಳಿರುತ್ತವೆ. ಇಲಿಗಳಿರುವಲ್ಲಿಗೆ ಬೆಕ್ಕು ಬಂದು ಸೇರುತ್ತದೆ. ನಮ್ಮ ತಾಳವಾಡಿ ಸೀಮೆಯಲ್ಲಿ ಬೆಕ್ಕಿನ ಸುಳಿವಿಲ್ಲದ ಮನೆ ವಿರಳ. ಇಲ್ಲಿಯ ಆಡುಮಾತಿನಲ್ಲಿ ಅದು ಕೊತ್ತಿ. ಪುಸ್ತಕದಲ್ಲಿ ಬೆಕ್ಕು ಅಥವಾ ಮಾರ್ಜಾಲ. ನೆರೆಮನೆಯ ತಮಿಳರಿಗೆ ಪೂನೈ. ಹೆಸರು ಯಾವುದಾದರಾಗಲಿ, ಅದರ ಒಂದು ನಡವಳಿಕೆ ಮಾತ್ರ ಎಲ್ಲರಿಗೂ ಒಗಟಾಗಿ ಉಳಿದಿದೆ. ಅಟ್ಟದ ಮೂಲೆಯಲ್ಲಿ ಮರಿ ಹಾಕಿದ ಬೆಕ್ಕು ಕೆಲವು ದಿನಗಳಾಗುವಷ್ಟರಲ್ಲಿ ಅವನ್ನು ಒಂದೊಂದಾಗಿ ಕಚ್ಚಿಕೊಂಡು ಸೌದೆ ಒಟ್ಟಿದ ಮೂಲೆಗೆ ಸಾಗಿಸುತ್ತದೆ. ಅಲ್ಲಿಂದ ಕೊಟ್ಟಿಗೆಯ ಹುಲ್ಲಿನೊಳಕ್ಕೆ. ಅಲ್ಲಿಂದ ನೆರೆಯವರ ಹಿತ್ತಿಲಿಗೆ. ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ಹಿರಿಯರು ಹೇಳುವ ಮಾತು ಇದನ್ನು ಕಂಡೇ ಹುಟ್ಟಿರಬೇಕು. ಏಳು ಎಂಬ ಲೆಕ್ಕಕ್ಕೆ ಆಧಾರವಿಲ್ಲ. ಎರಡು ಸಲ ಬದಲಿಸಿ ಸುಮ್ಮನಾಗುವ ಬೆಕ್ಕುಗಳೂ ಉಂಟು. ಆದರೆ ಹಿರಿಯರು ಕಂಡ ಮುಖ್ಯಾಂಶ ನಿಜವಾದುದು.

ಇದಕ್ಕೆ ಜನರು ಕೊಡುವ ಕಾರಣಗಳು ಹಲವು. ಬೆಕ್ಕಿನ ಬುದ್ಧಿಯೇ ಚಂಚಲ ಎನ್ನುವವರಿದ್ದಾರೆ. ಮನೆಯವರ ಮೇಲೆ ಅದಕ್ಕೆ ಮುನಿಸು ಎನ್ನುವವರಿದ್ದಾರೆ. ಬೆಕ್ಕು ಮರಿಗಳೊಡನೆ ಹೊರಟುಹೋದರೆ ಮನೆಗೆ ಒಳಿತಲ್ಲವೆಂದು ಒಳಗೊಳಗೇ ಅಳುಕುವವರೂ ಇಲ್ಲದಿಲ್ಲ. ಇವೆಲ್ಲ ನಿರುಪದ್ರವಿ ನಂಬಿಕೆಗಳೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಇವುಗಳ ಜೊತೆಗೆ ಇನ್ನೊಂದುಂಟು: ಮರಿಗಳು ಒಂಟಿಯಾಗಿ ಕಂಡುಬಂದರೆ ತಾಯಿ ಅವನ್ನು ತೊರೆದುಹೋಗಿದೆ ಎಂಬುದು. ನಮ್ಮ ಶಾಲೆಯ ಮಕ್ಕಳು ವರ್ಷಕ್ಕೆ ಎರಡು ಮೂರು ಬಾರಿಯಾದರೂ ಪುಸ್ತಕದ ಚೀಲದಲ್ಲಿ ಕಣ್ಣು ತೆರೆಯದ ಮರಿಗಳನ್ನು ತಂದು, “ಸಾರ್, ಇದರ ಅವ್ವ ಬಿಟ್ಬುಟ್ಟು ಹೋಗದೆ” ಎಂದು ನಮ್ಮ ಮೇಜಿನ ಮೇಲೆ ಇಡುತ್ತಾರೆ. ಅವರ ಮನಸ್ಸಿನಲ್ಲಿರುವುದು ಶುದ್ಧವಾದ ದಯೆ. ಆದರೆ ಹಾಗೆ ಬಂದ ಮರಿಗಳಲ್ಲಿ ಬದುಕಿ ಉಳಿದವು ತೀರ ಕಡಮೆ. ತಾಯಿ ಅರ್ಧ ಗಂಟೆಯಲ್ಲಿ ಹಿಂದಿರುಗಿ ಬಂದು ಬರಿದಾದ ಜಾಗವನ್ನು ಮೂಸಿ ಕೂಗಿರುತ್ತದೆ. ಮರಿ ಅಷ್ಟರಲ್ಲಿ ಒಂದು ಮೈಲಿ ದೂರದ ಶಾಲೆಯಲ್ಲಿರುತ್ತದೆ. ಈ ಕಾರಣದಿಂದ ಈ ವರ್ಷದ ಸಂಚಿಕೆಗೆ ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ.

ಮೊದಲು ಹುಟ್ಟಿದ ಮರಿಯ ಸ್ಥಿತಿಯನ್ನು ನೋಡೋಣ. ಬೆಕ್ಕಿನ ಗರ್ಭಕಾಲ ಸುಮಾರು 63ರಿಂದ 65 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ಮೂರರಿಂದ ಐದು ಮರಿ. ಹುಟ್ಟಿದಾಗ ಮರಿಯ ತೂಕ ಹೆಚ್ಚು ಕಡಮೆ 100 ಗ್ರಾಂ, ಎಂದರೆ ಒಂದು ಬಾಳೆಹಣ್ಣಿನಷ್ಟು. ಕಣ್ಣು ಮುಚ್ಚಿರುತ್ತದೆ, ಕಿವಿಯೂ ಕೇಳಿಸದು. ಕಣ್ಣು ತೆರೆಯಲು ಒಂದು ವಾರದಿಂದ ಎರಡು ವಾರ ಹಿಡಿಯುತ್ತದೆ. ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಮೊದಲ ಮೂರು ವಾರ ಅದಕ್ಕೆ ಸಾಲದು. ಮಲಮೂತ್ರ ವಿಸರ್ಜನೆ ಸಹ ತಾಯಿ ನಾಲಗೆಯಿಂದ ನೆಕ್ಕಿ ಪ್ರಚೋದಿಸಿದಾಗಲೇ ಆಗತಕ್ಕದ್ದು. ಇಷ್ಟು ಅಸಹಾಯವಾದ ಜೀವಕ್ಕೆ ದಾರಿ ತೋರಿಸುವುದು ಎರಡೇ: ಬಿಸಿ ಮತ್ತು ವಾಸನೆ. ತಾಯಿಯ ಎಂಟು ಮೊಲೆಗಳಲ್ಲಿ ತನ್ನದು ಇದು ಎಂದು ಮರಿ ಕೆಲವೇ ದಿನಗಳಲ್ಲಿ ಗೊತ್ತುಮಾಡಿಕೊಂಡು ಬಹುಮಟ್ಟಿಗೆ ಅದಕ್ಕೇ ಬಾಯಿ ಹಾಕುವುದನ್ನು ಈವರ್ ಎಂಬ ಪ್ರಾಣಿಶಾಸ್ತ್ರಜ್ಞೆ 1959ರಲ್ಲಿ ವರ್ಣಿಸಿದರು. ಕಣ್ಣು ತೆರೆಯುವ ಮೊದಲೇ ಮರಿಯನ್ನು ಗೂಡಿನಿಂದ ಸ್ವಲ್ಪ ದೂರದಲ್ಲಿರಿಸಿದರೆ ವಾಸನೆಯನ್ನು ಹಿಡಿದು ತೆವಳುತ್ತ ಗೂಡನ್ನು ಸೇರುತ್ತದೆಂಬುದನ್ನು ಅಮೆರಿಕದ ರೋಸೆನ್‌ಬ್ಲಾಟ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಪ್ರಯೋಗದಿಂದ ತೋರಿಸಿದರು. ಆ ಗೂಡಿನ ವಾಸನೆಯೇ ಮರಿಯ ಪಾಲಿಗೆ ಮನೆ, ಊರು ಎಲ್ಲವೂ. ಹೀಗಿರುವಾಗ ತಾಯಿಯೇ ಅದನ್ನು ಬಿಡಿಸಿಕೊಂಡು ಹೋಗುವುದೇಕೆ?

ಚಂಚಲಬುದ್ಧಿಯಿಂದ ಎಂಬ ಉತ್ತರ ಲೆಕ್ಕಕ್ಕೆ ನಿಲ್ಲುವುದಿಲ್ಲ. ನಾಲ್ಕು ಮರಿಗಳ ತಾಯಿ ನೆಲೆ ಬದಲಿಸಬೇಕಾದರೆ ನಾಲ್ಕು ಸಲ ಹೊತ್ತು ಹೋಗಬೇಕು, ಮೂರು ಸಲ ಬರಿಬಾಯಲ್ಲಿ ಹಿಂದಿರುಗಬೇಕು. ಮರಿಯೇನಾದರೂ ಉಳಿದಿದೆಯೇ ಎಂದು ಹಳೆಯ ಜಾಗಕ್ಕೆ ಇನ್ನೊಮ್ಮೆ ಬಂದು ನೋಡುವ ಬೆಕ್ಕುಗಳೂ ಉಂಟು. ಅಷ್ಟು ಹೊತ್ತೂ ಕೆಲವು ಮರಿಗಳು ಇಲ್ಲಿ, ಕೆಲವು ಅಲ್ಲಿ, ಎಲ್ಲವೂ ಕಾವಲಿಲ್ಲದೆ. ಹಾಲೂಡುವ ಬೆಕ್ಕಿಗೆ ಬೇಕಾದ ಆಹಾರವೋ ಎಂದಿಗಿಂತ ಎರಡು ಮೂರು ಪಾಲು ಹೆಚ್ಚು. ಬೇಟೆಯಾಡಬೇಕಾದ ಹೊತ್ತನ್ನು ಬಿಟ್ಟು, ಹಗಲು ನಾಯಿಗಳ ಕಣ್ಣಿಗೆ ಬೀಳುವ ಅಪಾಯವನ್ನು ಹೊತ್ತು ಇಷ್ಟು ಓಡಾಡುತ್ತದೆಯೆಂದರೆ, ಇದ್ದಲ್ಲಿಯೇ ಇರುವುದರಿಂದ ಒದಗಬಹುದಾದ ಹಾನಿ ಇದಕ್ಕಿಂತ ದೊಡ್ಡದಾಗಿರಬೇಕು.

ಆ ಹಾನಿ ಯಾವುದೆಂದು ತಿಳಿಯಬೇಕಾದರೆ ಬೆಕ್ಕು ಮೂಲತಃ ಮನೆಯ ಪ್ರಾಣಿಯಲ್ಲವೆಂಬುದನ್ನು ನೆನೆಯಬೇಕು. ಇಂದಿನ ಸಾಕುಬೆಕ್ಕುಗಳೆಲ್ಲ ಆಫ್ರಿಕದ ಕಾಡುಬೆಕ್ಕಿನ ಸಂತತಿ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂಳಿದ್ದ, ಸುಮಾರು 9,500 ವರ್ಷಗಳಷ್ಟು ಹಳೆಯ ಬೆಕ್ಕಿನ ಅಸ್ಥಿಪಂಜರವೊಂದರ ವಿವರ 2004ರಲ್ಲಿ ಪ್ರಕಟವಾಯಿತು. ಸಹವಾಸ ಅಷ್ಟು ಹಳೆಯದು. ಆದರೂ ನಾಯಿಯಂತೆ ಬೆಕ್ಕು ತನ್ನ ರಕ್ಷಣೆಯನ್ನು ಮನುಷ್ಯನಿಗೆ ಒಪ್ಪಿಸಿಬಿಡಲಿಲ್ಲ; ಬೇಟೆಯನ್ನೂ ಹೆರಿಗೆಯನ್ನೂ ತನ್ನ ಕೈಯಲ್ಲಿಯೇ ಇಟ್ಟುಕೊಂಡಿತು. ಕಾಡಿನಲ್ಲಿ ಒಂಟಿಯಾಗಿ ಮರಿ ಸಾಕುವ ತಾಯಿಗೆ ಗಂಡಿನ ನೆರವಿಲ್ಲ, ಹಿಂಡಿನ ಕಾವಲಿಲ್ಲ. ಅದು ಬೇಟೆಗೆ ಹೋದಾಗ ಮರಿಗಳನ್ನು ಕಾಯುವುದು ಮರೆ ಒಂದೇ. ಮರೆ ಎಂದರೆ ಕಣ್ಣಿಗೆ ಕಾಣದಿರುವುದು ಮಾತ್ರವಲ್ಲ; ಮೂಗಿಗೆ ತಿಳಿಯದಿರುವುದು, ಕಿವಿಗೆ ಬೀಳದಿರುವುದು. ಅಂಥ ಮರೆ ದಿನ ಕಳೆದಂತೆ ತಾನಾಗಿಯೇ ತೆಳುವಾಗುತ್ತದೆ. ನಮ್ಮ ತಿಳಿವಳಿಕೆಯಲ್ಲಿ ಈ ವಿಷಯದ ತಿರುಳು ಇದೇ: ಗೂಡು ಹಳತಾದಷ್ಟೂ ಗುಟ್ಟು ಹೊರಬೀಳುತ್ತದೆ.

ವಾಸನೆಯನ್ನೇ ತೆಗೆದುಕೊಳ್ಳಿ. ಮರಿ ಹಾಕಿದ ಗಳಿಗೆಯಲ್ಲಿಯೇ ತಾಯಿ ಮಾಸನ್ನು ತಿಂದು ನೆಲವನ್ನು ನೆಕ್ಕಿ ಶುಚಿ ಮಾಡುತ್ತದೆ. ಮೊದಲ ವಾರಗಳಲ್ಲಿ ಮರಿಗಳ ಮಲಮೂತ್ರವನ್ನೂ ತಾನೇ ನೆಕ್ಕಿ ಕುರುಹಿಲ್ಲದಂತೆ ಮಾಡುತ್ತದೆ. ಇದನ್ನು ಕಂಡು ಅಸಹ್ಯಪಡುವವರಿದ್ದಾರೆ. ಅಸಹ್ಯಪಡಬೇಕಾದುದೇನೂ ಇಲ್ಲ, ಅದು ಶತ್ರುವಿನ ಮೂಗಿಗೆ ಹಾಕಿದ ಬೀಗ. ಆದರೆ ಮರಿಗಳು ಬೆಳೆದು ಮೂರನೆಯ, ನಾಲ್ಕನೆಯ ವಾರಗಳಲ್ಲಿ ತಾವಾಗಿಯೇ ವಿಸರ್ಜಿಸತೊಡಗಿದ ಮೇಲೆ ಎಷ್ಟು ನೆಕ್ಕಿದರೂ ಸಾಲದು. ತಾಯಿ ತಂದು ಹಾಕಿದ ಇಲಿಯ ತುಣುಕೂ ಅಲ್ಲಿ ಬೀಳುತ್ತದೆ. ನಾಯಿ, ಮುಂಗುಸಿ, ಹಾವು ಇವುಗಳಿಗೆ ಇದಕ್ಕಿಂತ ಬೇರೆ ಕರೆಯೋಲೆ ಬೇಕಾಗಿಲ್ಲ. ಸಿಂಹಿಣಿಯೂ ಇದೇ ಕಾರಣದಿಂದ ಎಳೆಮರಿಗಳನ್ನು ತಿಂಗಳಿಗೆ ಹಲವು ಬಾರಿ ಒಂದು ಪೊದೆಯಿಂದ ಇನ್ನೊಂದಕ್ಕೆ ಸಾಗಿಸುತ್ತದೆಂದು ಬಲ್ಲವರು ಹೇಳುತ್ತಾರೆ.

ಎರಡನೆಯದು ಚಿಗಟ. ಇದನ್ನು ಸಣ್ಣ ವಿಷಯವೆಂದು ತಿಳಿಯಬಾರದು. ಚಿಗಟದ ಮೊಟ್ಟೆಗಳು ಬೆಕ್ಕಿನ ಮೈಯಿಂದ ಉದುರಿ ಗೂಡಿನ ಹುಲ್ಲಿನಲ್ಲಿ, ಗೋಣಿತಾಟಿನ ಮಡಿಕೆಯಲ್ಲಿ ಸೇರಿ, ಬೆಚ್ಚನೆಯ ಹವೆಯಲ್ಲಿ ಸುಮಾರು ಮೂರು ವಾರಕ್ಕೆ ರಕ್ತ ಹೀರುವ ಚಿಗಟಗಳಾಗಿ ಏಳುತ್ತವೆ. ದೊಡ್ಡ ಬೆಕ್ಕಿಗೆ ಅದು ತುರಿಕೆ ಮಾತ್ರ. ಅಂಗೈಯಗಲದ ಮರಿಗೆ ರಕ್ತಹೀನತೆಯಿಂದ ಸಾವೇ ಬರಬಹುದು. ನಾಲ್ಕನೆಯ ವಾರದ ಸುಮಾರಿನಲ್ಲಿ ಬೆಕ್ಕುಗಳು ಹೆಚ್ಚಾಗಿ ನೆಲೆ ಬದಲಿಸುವುದಕ್ಕೂ ಈ ಮೂರು ವಾರದ ಲೆಕ್ಕಕ್ಕೂ ಒಳ್ಳೆಯ ಹೊಂದಿಕೆಯಿದೆ. ಬೆಕ್ಕಿಗೆ ಲೆಕ್ಕ ಬಾರದು, ನಿಜ. ಕಡಿತ ಹೆಚ್ಚಿತೆಂಬುದು ತಿಳಿಯದಿರುವಷ್ಟು ದಡ್ಡತನವೂ ಅದಕ್ಕಿಲ್ಲ.

ಚಳಿ ಬಿಸಿಲುಗಳ ಮಾತು ನಮ್ಮ ಬೆಟ್ಟದ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ದಿಂಬಂ ಘಟ್ಟದ 27 ತಿರುವುಗಳನ್ನು ಏರಿ ಬಂದವರಿಗೆ ಬಯಲಿನ ಸೆಕೆ ಹಿಂದುಳಿದು ಇಲ್ಲಿಯ ತಂಪು ತಿಳಿಯುವಂತೆ, ಮಾರ್ಗಶಿರದ ಇರುಳಿನಲ್ಲಿ ಕೊಟ್ಟಿಗೆಯ ನೆಲ ಎಷ್ಟು ತಣ್ಣಗಿರುತ್ತದೆಂಬುದು ಮರಿಯ ಹೊಟ್ಟೆಗೆ ತಿಳಿಯುತ್ತದೆ. ಆಗ ಒಲೆಯ ಮೇಲಿನ ಅಟ್ಟವೇ ಸ್ವರ್ಗ. ಅದೇ ಅಟ್ಟ ತಗಡಿನ ಮಾಡಿನ ಕೆಳಗಿದ್ದರೆ ಚೈತ್ರದ ಮಧ್ಯಾಹ್ನ ಕಾದ ಹೆಂಚಾಗುತ್ತದೆ. ಮಳೆಗೆ ಸೋರುವ ಮೂಲೆ, ಗಾಳಿ ನುಗ್ಗುವ ಸಂದು, ಇವುಗಳಿಂದಲೂ ತಾಯಿ ಮರಿಗಳನ್ನು ಎತ್ತಿಕೊಂಡು ಹೊರಡುತ್ತದೆ.

ಇನ್ನು ಗಂಡುಬೆಕ್ಕಿನ ಭಯ. ಇದನ್ನು ಹೇಳಲು ಮನಸ್ಸಿಗೆ ಹಿತವಿಲ್ಲ, ಆದರೆ ಬಿಡುವಂತೆಯೂ ಇಲ್ಲ. ಪರಸ್ಥಳದಿಂದ ಬಂದ ಗಂಡುಬೆಕ್ಕು ಒಮ್ಮೊಮ್ಮೆ ಎಳೆಮರಿಗಳನ್ನು ಕೊಲ್ಲುತ್ತದೆ. ಸ್ವಜಾತಿಯ ಮರಿಯನ್ನು ಕೊಲ್ಲುವುದು ಕೇವಲ ಕ್ರೌರ್ಯವೆಂದೋ ಹುಚ್ಚೆಂದೋ ಬಹುಕಾಲ ಜನ ಭಾವಿಸಿದ್ದರು. ಇದರ ಮೇಲೆ ಬೆಳಕು ಬೀಳಲು ಆರಂಭವಾದುದು ನಮ್ಮ ಕನ್ನಡ ನಾಡಿನಲ್ಲಿಯೇ ಎಂಬುದು ಅನೇಕರಿಗೆ ತಿಳಿಯದು. 1960ರ ದಶಕದ ಆರಂಭದಲ್ಲಿ ಯುಕಿಮಾರು ಸುಗಿಯಾಮಾ ಎಂಬ ಜಪಾನಿನ ವಿದ್ವಾಂಸರು ಧಾರವಾಡದ ಸುತ್ತಿನ ಕಾಡುಗಳಲ್ಲಿ ಮುಸಿಯಗಳ ಗುಂಪುಗಳನ್ನು ಅಭ್ಯಸಿಸುತ್ತಿದ್ದರು. ಹೊರಗಿನಿಂದ ಬಂದ ಗಂಡುಗಳು ಒಂದು ಗುಂಪಿನ ಯಜಮಾನನನ್ನು ಓಡಿಸಿದುದನ್ನೂ, ಹೊಸ ಯಜಮಾನ ಗುಂಪಿನ ಎಳೆಮರಿಗಳನ್ನು ಕೊಂದುದನ್ನೂ, ಮರಿಗಳನ್ನು ಕಳೆದುಕೊಂಡ ಹೆಣ್ಣುಗಳು ಬೇಗನೆ ಬೆದೆಗೆ ಬಂದುದನ್ನೂ ಅವರು ಕಣ್ಣಾರೆ ಕಂಡು 1965ರಲ್ಲಿ ಪ್ರಕಟಿಸಿದರು. ಅನಂತರ ಆಫ್ರಿಕದ ಸಿಂಹಗಳಲ್ಲಿಯೂ ಇದೇ ಕ್ರಮ ಕಂಡುಬಂತು. ಹಾಲೂಡುತ್ತಿರುವ ಹೆಣ್ಣು ಸಾಮಾನ್ಯವಾಗಿ ಬೆದೆಗೆ ಬರುವುದಿಲ್ಲ. ಮರಿ ಹೋದರೆ ಬೇಗ ಬರುತ್ತದೆ. ಹೊಸ ಗಂಡಿಗೆ ತನ್ನ ಸಂತಾನವನ್ನು ಪಡೆಯುವ ಅವಕಾಶ ಅಷ್ಟು ಬೇಗ ಒದಗುತ್ತದೆ. ಪ್ರಕೃತಿಯ ಈ ಲೆಕ್ಕಾಚಾರದಲ್ಲಿ ನಮ್ಮ ನೀತಿಶಾಸ್ತ್ರಕ್ಕೆ ಎಡೆಯಿಲ್ಲ. ಸಾಕುಬೆಕ್ಕುಗಳಲ್ಲಿ ಇದು ಸಿಂಹಗಳಲ್ಲಿರುವಷ್ಟು ಸಾಮಾನ್ಯವಲ್ಲ. ಆದರೂ ಗಂಡಿನ ಕೂಗು ಹತ್ತಿರದಲ್ಲಿ ಕೇಳಿಸಿದ ಮಾರನೆಯ ದಿನವೇ ಗೂಡು ಬರಿದಾಗಿದ್ದರೆ ತಾಯಿಯ ಎಣಿಕೆ ಏನೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇವೆಲ್ಲ ಭಯದಿಂದ ಮಾಡುವ ವಲಸೆಗಳು. ಭಯವಿಲ್ಲದೆ ಮಾಡುವ ವಲಸೆಯೊಂದುಂಟು. ನಾಲ್ಕನೆಯ ವಾರಕ್ಕೆ ಮರಿಗಳಿಗೆ ಹಲ್ಲು ಬಂದಿರುತ್ತದೆ, ಕಾಲು ನಿಂತಿರುತ್ತದೆ. ಎತ್ತರದ ಅಟ್ಟ ಆಗ ಆಶ್ರಯವಾಗಿರದೆ ಬೀಳುವ ಜಾಗವಾಗುತ್ತದೆ. ತಾಯಿ ಬೇಟೆಯನ್ನು ತಂದು ಮರಿಗಳ ಮುಂದಿಟ್ಟು ತಿನ್ನಲು ಕಲಿಸಬೇಕಾದ ಕಾಲವೂ ಅದೇ: ಮೊದಲು ಸತ್ತ ಇಲಿ, ಮುಂದೆ ಅರೆಜೀವದ್ದು, ಕೊನೆಗೆ ಓಡಬಲ್ಲದ್ದು. ಇದಕ್ಕೆ ನೆಲಮಟ್ಟದ, ಇಲಿಗಳಿಗೆ ಹತ್ತಿರವಾದ ಸ್ಥಳ ಬೇಕು. ಕಣಜದ ಪಕ್ಕ, ಮೆದೆಯ ಬುಡ, ಮುಸುಕಿನ ಜೋಳ ಒಟ್ಟಿದ ಕೊಠಡಿ ಇವೇ ಆ ಪಾಠಶಾಲೆ. ನಾವು ಮಕ್ಕಳನ್ನು ಅಂಗನವಾಡಿಯಿಂದ ಒಂದನೆಯ ತರಗತಿಗೆ ಕಳಿಸುವುದನ್ನು ಚಂಚಲತೆ ಎಂದು ಯಾರೂ ಕರೆಯುವುದಿಲ್ಲವಷ್ಟೆ.

ಕೊನೆಯ ಕಾರಣ, ಮನೆಗಳಲ್ಲಿ ಬಹುಶಃ ಎಲ್ಲಕ್ಕಿಂತ ಮಿಗಿಲಾದುದು, ನಾವೇ. ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯ ಉಗ್ರಾಣದಲ್ಲಿ ಹಳೆಯ ಭೂಪಟಗಳ ಹಿಂದೆ ಒಂದು ಕಂದುಬಣ್ಣದ ಬೆಕ್ಕು ನಾಲ್ಕು ಮರಿ ಹಾಕಿತ್ತು. ಒಂದು ವಾರಕ್ಕೂ ಮೇಲ್ಪಟ್ಟು ಅದು ಯಾರಿಗೂ ತಿಳಿಯದೆ ನೆಮ್ಮದಿಯಾಗಿತ್ತು. ಒಬ್ಬ ಹುಡುಗನ ಕಣ್ಣಿಗೆ ಬಿದ್ದುದೇ ತಡ, ಮಧ್ಯಾಹ್ನದ ಬಿಡುವಿನಲ್ಲಿ ಇಡೀ ಆರನೆಯ ತರಗತಿ ಬಾಗಿಲ ಸಂದಿಯಲ್ಲಿ ಇಣುಕಿತು. ಮೂರನೆಯ ಬೆಳಿಗ್ಗೆ ಭೂಪಟಗಳ ಹಿಂದೆ ಏನೂ ಇರಲಿಲ್ಲ. ಮರಿಗಳು ನೀರಿನ ತೊಟ್ಟಿಯ ಹಿಂದಿನ ಇಟ್ಟಿಗೆ ರಾಶಿಯಲ್ಲಿ ಸಿಕ್ಕವು, ಅಲ್ಲಿಯೂ ಜನ ನೆರೆದರು, ಅಲ್ಲಿಂದಲೂ ಹೋದವು. ಆಗ ಮಕ್ಕಳನ್ನು ಕೂಡಿಸಿಕೊಂಡು ಒಂದು ಏರ್ಪಾಡು ಮಾಡಿದೆವು. ಯಾರೂ ಹುಡುಕಬಾರದು; ತರಗತಿಯ ಕಿಟಕಿಯಿಂದ ತಾಯಿ ಹೋಗುವ ಬರುವ ಹೊತ್ತನ್ನು ಮಾತ್ರ ಸರದಿಯಂತೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೂರು ವಾರ ಆ ದಾಖಲೆ ನಡೆಯಿತು. ಪಕ್ಕದ ತೋಟದ ಅರಿಶಿನದ ಕೊಠಡಿಯತ್ತ ಅದು ದಿನವೂ ಒಂದೇ ದಾರಿಯಲ್ಲಿ ಹೋಗುತ್ತಿತ್ತು. ಆ ಮೂರು ವಾರದಲ್ಲಿ ಅದು ಮತ್ತೆ ನೆಲೆ ಬದಲಿಸಿದ ಸೂಚನೆ ಕಾಣಲಿಲ್ಲ. ಕೊನೆಗೊಂದು ಸಂಜೆ ತಾನಾಗಿಯೇ ಮೂರು ಮರಿಗಳನ್ನು ಹಿಂದಿಟ್ಟುಕೊಂಡು ಅಂಗಳಕ್ಕೆ ಬಂತು. ನಾಲ್ಕನೆಯದು ಏನಾಯಿತೆಂಬುದು ಪುಸ್ತಕದಲ್ಲಿಲ್ಲ. ಆ ಪುಟವನ್ನು ಬರೆದ ಬಾಲಕಿ ‘ನಾಲ್ಕು’ ಎಂದು ಬರೆದು, ಹೊಡೆದುಹಾಕಿ, ‘ಮೂರು’ ಎಂದು ತಿದ್ದಿದ್ದಾಳೆ.

ಮನುಷ್ಯನು ಮುಟ್ಟಿದ ಮರಿಯನ್ನು ತಾಯಿ ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂಬ ಮಾತು ಸಾಮಾನ್ಯವಾಗಿ ಸರಿಯಲ್ಲ. ಸೇರಿಸಿಕೊಳ್ಳುತ್ತದೆ, ಆದರೆ ಆ ಜಾಗವನ್ನು ನಂಬುವುದನ್ನು ಬಿಡುತ್ತದೆ. ಹಾಗೆಂದು ಮನೆಯ ಬೆಕ್ಕಿನ ಮರಿಗಳನ್ನು ಎಂದೂ ಮುಟ್ಟಲೇಬಾರದೆಂದು ನಾವು ಹೇಳುತ್ತಿಲ್ಲ. ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಮೃದುವಾದ ಸ್ಪರ್ಶಕ್ಕೆ ಒಗ್ಗಿದ ಮರಿಗಳು ಮುಂದೆ ಮನುಷ್ಯರಲ್ಲಿ ಸ್ನೇಹದಿಂದಿರುತ್ತವೆಂಬುದನ್ನು ಅಮೆರಿಕದ ಐಲೀನ್ ಕಾರ್ಶ್ ಅವರು 1980ರ ದಶಕದ ತಮ್ಮ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಆದ್ದರಿಂದ ಮೊದಲ ಎರಡು ವಾರ ದೂರವಿದ್ದು, ಬಳಿಕ ತಾಯಿ ಎದುರಿಗಿರುವಾಗಲೇ, ತಾಯಿಗೆ ಪರಿಚಿತರಾದ ಒಬ್ಬಿಬ್ಬರು ಮಾತ್ರ ಸ್ವಲ್ಪ ಹೊತ್ತು ಮುಟ್ಟಿ ಬಿಡುವುದು ಯುಕ್ತ. ನೆಂಟರ ಮಕ್ಕಳಿಗೆಲ್ಲ ತೋರಿಸುವ ಪ್ರದರ್ಶನ ಬೇಡ.

ಸಾಗಿಸುವ ರೀತಿಯೂ ಗಮನಿಸತಕ್ಕದ್ದು. ತಾಯಿ ಮರಿಯ ಕತ್ತಿನ ಹಿಂಭಾಗದ ಸಡಿಲವಾದ ತೊಗಲನ್ನು ಹಲ್ಲಿನಿಂದ ಹಿಡಿಯುತ್ತದೆ. ಹಿಡಿದೊಡನೆ ಮರಿ ಕೂಗು ನಿಲ್ಲಿಸಿ, ಹಿಂಗಾಲುಗಳನ್ನು ಮಡಚಿ, ಬಾಲವನ್ನು ಹೊಟ್ಟೆಗೆ ಸೇರಿಸಿ ಜೋತುಬೀಳುತ್ತದೆ. ಶ್ರೀವೈಷ್ಣವ ಸಂಪ್ರದಾಯದಲ್ಲಿ ಪ್ರಸಿದ್ಧವಾದ ಮಾರ್ಜಾಲ ಕಿಶೋರ ನ್ಯಾಯ ಈ ದೃಶ್ಯದಿಂದಲೇ ಬಂದದ್ದು. ಕೋತಿಯ ಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿಯುವಂತೆ ಜೀವನೂ ಪ್ರಯತ್ನಿಸಬೇಕೆಂಬುದು ವಡಗಲೆಯವರ ಪಕ್ಷ; ಬೆಕ್ಕಿನ ಮರಿಯಂತೆ ಜೀವನು ಏನನ್ನೂ ಮಾಡಬೇಕಾಗಿಲ್ಲ, ಭಗವಂತನೇ ಎತ್ತಿಕೊಳ್ಳುವನೆಂಬುದು ತೆಂಗಲೆಯವರ ಪಕ್ಷ. ವಡಗಲೆಯ ಆಚಾರ್ಯರಾದ ವೇದಾಂತ ದೇಶಿಕರೇ 14ನೆಯ ಶತಮಾನದಲ್ಲಿ ಶ್ರೀರಂಗದ ಮೇಲೆ ದಂಡು ಬಿದ್ದಾಗ, ಸುದರ್ಶನ ಸೂರಿಗಳ ಎಳೆಯ ಮಕ್ಕಳಿಬ್ಬರನ್ನೂ ಶ್ರುತಪ್ರಕಾಶಿಕೆಯ ಓಲೆಗಳನ್ನೂ ರಕ್ಷಿಸಿಕೊಂಡು ಕೊಳ್ಳೇಗಾಲದ ಬಳಿಯ ಸತ್ಯಾಗಾಲಕ್ಕೆ ಬಂದು ನೆಲೆಸಿದರೆಂದು ಸಂಪ್ರದಾಯದ ಕಥೆಯಿದೆ. ಸತ್ಯಾಗಾಲ ನಮಗೆ ದೂರದ್ದಲ್ಲ. 1956ರವರೆಗೆ ಕೊಳ್ಳೇಗಾಲವೂ ನಮ್ಮ ಸೀಮೆಯಂತೆಯೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನ್ಯಾಯದಲ್ಲಿ ಕೋತಿಯ ಪಕ್ಷದವರು ಆಪತ್ತಿನಲ್ಲಿ ಬೆಕ್ಕಿನ ಕೆಲಸ ಮಾಡಿದರೆಂದು ವಿನೋದಕ್ಕೆ ಹೇಳಬಹುದು.

ಆದರೆ ಮರಿ ಏನನ್ನೂ ಮಾಡುವುದಿಲ್ಲವೆಂಬುದನ್ನು ಇಂದಿನ ವಿಜ್ಞಾನ ಪೂರ್ಣವಾಗಿ ಒಪ್ಪದು. ಜಪಾನಿನ ರೈಕೆನ್ ಸಂಸ್ಥೆಯಲ್ಲಿ ಕುಮಿ ಕುರೋದಾ ಮತ್ತು ಅವರ ಸಹೋದ್ಯೋಗಿಗಳು ಸುಂಡಿಲಿಯ ಮರಿಗಳನ್ನೂ ಮನುಷ್ಯರ ಹಸುಗೂಸುಗಳನ್ನೂ ಪರೀಕ್ಷಿಸಿ, ತಾಯಿ ಎತ್ತಿ ನಡೆದೊಡನೆ ಎರಡರಲ್ಲಿಯೂ ಅಳು ನಿಂತು ಎದೆಬಡಿತ ನಿಧಾನವಾಗುವುದನ್ನು 2013ರಲ್ಲಿ ಪ್ರಕಟಿಸಿದರು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರೆ ನಿಲ್ಲದ ಅಳು ಎತ್ತಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದರೆ ನಿಲ್ಲುತ್ತದೆಂಬುದು ನಮ್ಮ ತಾಯಂದಿರಿಗೆ ಹೊಸ ವಿಷಯವಲ್ಲ. ಒದ್ದಾಡದೆ ಜೋತುಬೀಳುವುದೇ ಮರಿ ತಾಯಿಗೆ ಮಾಡುವ ಸಹಾಯ. ಇದನ್ನು ಓದಿ ದೊಡ್ಡ ಬೆಕ್ಕನ್ನು ಕತ್ತು ಹಿಡಿದು ಎತ್ತಲು ಯಾರೂ ಹೋಗಬೇಡಿ. ಅದರ ಮೈಭಾರಕ್ಕೆ ಅದು ಹಿಂಸೆ.

ಇನ್ನು ಒಂಟಿಮರಿ ಕಂಡಾಗ ಮಾಡಬೇಕಾದುದೇನು? ಸ್ಥಳಾಂತರದ ಮಧ್ಯದಲ್ಲಿ ಎರಡು ಮರಿ ಹಳೆಯ ಜಾಗದಲ್ಲಿ, ಎರಡು ಹೊಸ ಜಾಗದಲ್ಲಿ ಇರುವುದು ಸಹಜ. ನಾಯಿ ಅಡ್ಡಬಂದರೆ ಅಥವಾ ನೀವೇ ನಿಂತು ನೋಡುತ್ತಿದ್ದರೆ ತಾಯಿ ಹಲವು ಗಂಟೆಗಳ ಕಾಲ ಎಲ್ಲೋ ಅಡಗಿ ಕಾಯುತ್ತದೆ. ಮರಿಯ ಹೊಟ್ಟೆ ತುಂಬಿ ದುಂಡಗಿದ್ದು, ಮೈ ಬೆಚ್ಚಗಿದ್ದು, ಅದು ಸುಮ್ಮನೆ ಮಲಗಿದ್ದರೆ ತಾಯಿ ಹತ್ತಿರದಲ್ಲಿದೆ ಎಂದೇ ತಿಳಿಯಬೇಕು. ದೂರ ಸರಿಯಿರಿ. ಸುತ್ತ ತೆಳುವಾಗಿ ರಾಗಿಹಿಟ್ಟನ್ನು ಉದುರಿಸಿ ಬಂದರೆ ತಾಯಿ ಬಂದುಹೋದುದನ್ನು ಹೆಜ್ಜೆಗುರುತೇ ಹೇಳುತ್ತದೆ. ಮರಿ ತಣ್ಣಗಾಗಿ, ಹೊಟ್ಟೆ ಬತ್ತಿ, ಎಡೆಬಿಡದೆ ಕೂಗುತ್ತಿದ್ದರೆ ಮಾತು ಬೇರೆ. ಆಗಲೂ ಮೊದಲು ಕೊಡಬೇಕಾದುದು ಹಾಲಲ್ಲ, ಬಿಸಿ. ತಣ್ಣಗಾದ ಮರಿಗೆ ಹಾಲು ಜೀರ್ಣವಾಗದು. ಬಟ್ಟೆ ಸುತ್ತಿದ ಬಿಸಿನೀರಿನ ಸೀಸೆಯನ್ನು ಪಕ್ಕದಲ್ಲಿಟ್ಟು ಪಶುವೈದ್ಯರಲ್ಲಿಗೆ ಒಯ್ಯಬೇಕು. ಹಸುವಿನ ಹಾಲು ಬೆಕ್ಕಿನ ಮರಿಗೆ ಒಗ್ಗುವುದಿಲ್ಲ. ಬೆಕ್ಕಿನ ಹಾಲಿನಲ್ಲಿ ಸಸಾರಜನಕ ಅದರ ಎರಡರಷ್ಟಿರುತ್ತದೆ, ಹಸುವಿನ ಹಾಲಿನಿಂದ ಮರಿಗೆ ಭೇದಿಯಾಗುತ್ತದೆ. ಶಾಲೆಗೆ ಬಂದ ಮರಿಗಳಲ್ಲಿ ಹೆಚ್ಚಿನವು ಹೀಗೆಯೇ ಹೋದವು. ಮರಿಯನ್ನೆತ್ತಲು ಹೋಗಿ ತಾಯಿಯಿಂದ ಕಚ್ಚಿಸಿಕೊಂಡರೆ, ಪರಚಿಸಿಕೊಂಡರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ. ಮನೆಯ ಬೆಕ್ಕಿಗಾದರೆ ಕತ್ತಲಾದ ಮೂಲೆಯಲ್ಲಿ ಒಂದು ಮಂಕರಿಯನ್ನು ಮಗುಚಿಟ್ಟು ಹಳೆಯ ಸೀರೆ ಹಾಸಿ, ಆ ಬಟ್ಟೆಯನ್ನು ಆಗಾಗ ಒಗೆದು, ಊಟವನ್ನು ಸ್ವಲ್ಪ ದೂರದಲ್ಲಿಟ್ಟರೆ ಅದು ಅಲೆದಾಡುವ ಕಾರಣಗಳು ಅರ್ಧ ಕಡಮೆಯಾಗುತ್ತವೆ.

ಇಷ್ಟನ್ನೂ ಬೆಕ್ಕಿಗಾಗಿ ಮಾತ್ರ ಬರೆಯಲಿಲ್ಲ. ನಮ್ಮ ಊರುಗಳನ್ನು ಸುತ್ತುವರಿದಿರುವ ಕಾಡು 2013ರಿಂದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ; ವಿಸ್ತಾರ 1,400 ಚದರ ಕಿಲೋಮೀಟರಿಗೂ ಮಿಕ್ಕಿದ್ದು. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಬಂಡೀಪುರ, ಮುದುಮಲೆ. ಕಾಡಿಗೂ ಹೊಲಕ್ಕೂ ನಡುವೆ ಎಷ್ಟೋ ಕಡೆ ಒಂದು ಕಂದಕವಷ್ಟೇ ಅಂತರ. ಚಿರತೆಯೂ ಬೆಕ್ಕಿನ ಕುಲದ್ದೇ. ಒಂಟಿಯಾಗಿ ಮರಿ ಸಾಕುವುದು, ಮರೆಯನ್ನೇ ನಂಬುವುದು, ಕತ್ತು ಕಚ್ಚಿ ಸಾಗಿಸುವುದು ಎಲ್ಲವೂ ಅದೇ ರೀತಿ. ಅದಕ್ಕೆ ಆಳೆತ್ತರದ ಕಬ್ಬಿನ ಗದ್ದೆ ಕಾಡಿನ ಪೊದೆಯಂತೆಯೇ ಕಾಣುತ್ತದೆ. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ಕಬ್ಬು ಕಡಿಯುವಾಗ ಚಿರತೆಯ ಮರಿಗಳು ಸಿಕ್ಕುವುದು ವರ್ಷವರ್ಷವೂ ನಡೆಯುವ ಸಂಗತಿ. ಸಿಕ್ಕಿದ ಮರಿ ಚಿರತೆಯದೇ ಆಗಿರಬೇಕೆಂದೂ ಇಲ್ಲ. ತುಕ್ಕುಬಣ್ಣದ ಚುಕ್ಕೆಗಳುಳ್ಳ, ದೊಡ್ಡದಾದರೂ ಒಂದೂವರೆ ಕಿಲೋ ತೂಗುವ ಪುಟ್ಟ ಕಾಡುಬೆಕ್ಕೊಂದು ದಕ್ಷಿಣ ಭಾರತದಲ್ಲಿದೆ, ಅದರ ಮರಿಗಳನ್ನೂ ಜನ ಚಿರತೆಮರಿ ಎಂದು ಭ್ರಮಿಸುತ್ತಾರೆ.

ಯಾವುದೇ ಆಗಲಿ, ಎತ್ತಿಕೊಂಡು ಮನೆಗೆ ತರುವುದೂ ಸುತ್ತ ಗುಂಪು ಕಟ್ಟಿ ಚಿತ್ರ ತೆಗೆಯುವುದೂ ಎರಡು ಕಡೆಗೂ ಕೇಡು. ಮರಿ ತಾಯಿಯನ್ನು ಕಳೆದುಕೊಂಡು ಬಾಳೆಲ್ಲ ಪಂಜರದಲ್ಲಿ ಕಳೆಯುತ್ತದೆ. ಮರಿಯನ್ನು ಹುಡುಕುವ ತಾಯಿಚಿರತೆ ಆ ಇರುಳು ಊರಿನ ಸುತ್ತ ತಿರುಗುತ್ತದೆ. ಮುಂಜಾನೆ ಹಾಲು ಕರೆಯಲು ಎದ್ದವರು ಅದಕ್ಕೆ ಎದುರಾಗಬಹುದು. ಚಿರತೆಯ ಮರಿಯನ್ನು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಘೋರವಾದ ಅಪರಾಧವೂ ಹೌದು. ಜುನ್ನರಿನಲ್ಲಿ ಅರಣ್ಯ ಸಿಬ್ಬಂದಿಯವರೂ ಪಶುವೈದ್ಯರೂ ಅನುಸರಿಸುವ ಕ್ರಮ ಸರಳವಾದುದು. ಕಟಾವನ್ನು ನಿಲ್ಲಿಸಿ ಜನರನ್ನು ದೂರ ಕಳಿಸುತ್ತಾರೆ. ಮರಿಗಳ ಆರೋಗ್ಯವನ್ನು ನೋಡಿ ಕತ್ತಲಾಗುವ ಮೊದಲು ಒಂದು ಪೆಟ್ಟಿಗೆಯಲ್ಲಿಟ್ಟು, ಸಿಕ್ಕಿದ ಜಾಗದಲ್ಲಿಯೇ ಇರಿಸಿ, ದೂರದಿಂದ ಕ್ಯಾಮರದ ಮೂಲಕ ಕಾಯುತ್ತಾರೆ. ಎಷ್ಟೋ ಸಲ ಇರುಳಿನಲ್ಲಿ ತಾಯಿ ಬರುತ್ತದೆ, ಪೆಟ್ಟಿಗೆಯನ್ನು ಮೂಸಿ ಸುತ್ತುತ್ತದೆ, ಒಂದು ಮರಿಯ ಕತ್ತನ್ನು ಹಿಡಿದೆತ್ತಿ ಹೊರಡುತ್ತದೆ. ಎರಡನೆಯ ಮರಿಗೆ ಅದೇ ಇರುಳು ಬರಬಹುದು, ಮರುದಿನದ ಇರುಳಿಗೂ ಬರಬಹುದು. ಆದ್ದರಿಂದ ಬೆಳಿಗ್ಗೆ ಹೋಗಿ ನೋಡಿದಾಗ ಒಂದು ಮರಿ ಉಳಿದಿದ್ದರೆ, ಅದನ್ನು ತಾಯಿ ಬೇಡವೆಂದು ಬಿಟ್ಟಿತೆಂದು ಭಾವಿಸದೆ, ಅರಣ್ಯ ಸಿಬ್ಬಂದಿ ಹೇಳುವವರೆಗೆ ಆ ಗದ್ದೆಗೆ ಯಾರೂ ಇಳಿಯಬಾರದು.